ಊಟಕ್ಕೆ ಮುಂಚಿನ ಹಾಜರಿ

ನಮ್ಮ ಮನೆಯಲ್ಲಿ ಸಂಜೆ ಊಟಕ್ಕೆ ಮುಂಚೆ ಹಾಜರಿ ಆಗಬೇಕಿತ್ತು. ದೀಪ ಹಚ್ಚಿ, ತಟ್ಟೆ ಹಾಕಿ, ಎಲ್ಲರೂ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆ ಅಪ್ಪ ಒಬ್ಬೊಬ್ಬರ ಹೆಸರನ್ನೂ ಇನಿಷಿಯಲ್ ಸಮೇತ ಕರೆಯುತ್ತಿದ್ದ. ಅದು ಮುಗಿಯುವ ತನಕ ಅಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತಿರಲಿಲ್ಲ. ಅಪ್ಪ ಜಗಳೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಶಾಲೆಯ ಎನ್‌ಸಿಸಿ ತುಕಡಿಯೂ ಅವನ ಕೈಯಲ್ಲೇ ಇತ್ತು. ಹಗಲೆಲ್ಲ ಮೈದಾನದಲ್ಲಿ ಊರ ಮಕ್ಕಳ ಹೆಸರು ಕೂಗಿ ಬಂದರೂ ಅವನಿಗೆ ಸಾಕಾಗುತ್ತಿರಲಿಲ್ಲ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತ ತಿಳಿಯದೆ ತುತ್ತು ಇಳಿಯುವುದಿಲ್ಲ ಎನ್ನುತ್ತಿದ್ದ. ಮನೆಯಲ್ಲಿದ್ದವರೇ ಬೆರಳೆಣಿಕೆಯ ಜನ, ಎಲ್ಲರೂ ಅವನ ಕಣ್ಣೆದುರಿಗೇ ಕೂತಿರುತ್ತಿದ್ದೆವು. ಆದರೂ ಅವನು ಕರೆಯಬೇಕು, ನಾವು ಓಗೊಡಬೇಕು. ಮೊದಲ ಹೆಸರು ಅವನ ತಾಯಿಯದು, ಅಂದರೆ ನಮ್ಮ ಅಜ್ಜಿಯದು.

“ಕೆ. ಬಸಮ್ಮ.”

“ಇದೀನಪ್ಪ. ಇನ್ನೂ ಯಾರೂ ಕರ್ಕಂಡು ಹೋಗಿಲ್ಲ.”

ಆಮೇಲೆ “ಟಿ. ಶೈಲಜಾ”. ಅದು ನಾನು. ಮನೆಯಲ್ಲಿ ಬಾಯಿ ತುಂಬ ಅಪ್ಪಾ ಎನ್ನುವ ನಾನು ಆ ಹೊತ್ತಿನಲ್ಲಿ ಮಾತ್ರ “ಎಸ್ ಸಾರ್” ಎನ್ನಬೇಕಿತ್ತು. ನನ್ನ ಹಿಂದೆ ತಮ್ಮ ಮಂಜುನಾಥ. ಕೊನೆಗೆ “ಎಸ್. ನಾಗರತ್ನ”. ಅದು ಅಮ್ಮ. ಅಮ್ಮ ಒಂದು ದಿನವೂ ಬಾಯಿ ಬಿಟ್ಟು ಓಗೊಟ್ಟವಳಲ್ಲ. ನಾನೇನು ಇವರ ಕೆಡೆಟ್ಟಾ ಎಂದು ಗೊಣಗಿಕೊಂಡು, ಕೈಯಲ್ಲಿದ್ದ ಸೌಟಿನಿಂದ ಸಾರಿನ ಪಾತ್ರೆಯ ಅಂಚಿಗೆ ಒಮ್ಮೆ ಬಡಿಯುತ್ತಿದ್ದಳು. ಆ ಸದ್ದೇ ಅವಳ ಹಾಜರಿ. ಸದ್ದು ಕೇಳಿದ ಕೂಡಲೇ ಅಪ್ಪ “ಎಲ್ಲಾ ಹಾಜರ್” ಎನ್ನುತ್ತಿದ್ದ, ಅಮ್ಮ ಬಡಿಸಲು ಶುರು ಮಾಡುತ್ತಿದ್ದಳು.

ಹೆಸರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಅಪ್ಪ ಎಲ್ಲರ ಹೆಸರನ್ನೂ ಕರೆಯಬಹುದು, ಅಮ್ಮ ಮಾತ್ರ ಅಪ್ಪನ ಹೆಸರು ಎತ್ತುವಂತಿಲ್ಲ. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬಂದರೆ ಗಂಡನ ಆಯುಷ್ಯ ಅಷ್ಟಷ್ಟು ಸವೆಯುತ್ತದೆ ಎಂದು ಅಮ್ಮ ಹೊಸಿಲು ದಾಟಿ ಬಂದ ದಿನವೇ ಅಜ್ಜಿ ಹೇಳಿಕೊಟ್ಟಿದ್ದಳಂತೆ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನಮ್ಮ ಎಂದು ಕೇಳಿದರೆ ಅಮ್ಮ ನನ್ನ ಭುಜ ತಿವಿಯುತ್ತಿದ್ದಳು, ನಾನು “ಜಿ. ತಿಪ್ಪೇಸ್ವಾಮಿ” ಎನ್ನುತ್ತಿದ್ದೆ. ಮನೆಯ ಹಿಂದಿನ ತಿಪ್ಪೆಯನ್ನೂ ಅವಳು ತಿಪ್ಪೆ ಎಂದು ಕರೆದವಳಲ್ಲ, ಗೊಬ್ಬರದ ಗುಂಡಿ ಎನ್ನುತ್ತಿದ್ದಳು. ನಾವಿಬ್ಬರು ಮಕ್ಕಳು ಬೇಕೆಂದೇ ಅದರ ಹೆಸರು ಕೇಳಿ ಕೇಳಿ ಅವಳನ್ನು ಕಾಡಿಸುತ್ತಿದ್ದೆವು. ಅವಳು ನಗುತ್ತಿದ್ದಳು, ಹೇಳುತ್ತಿರಲಿಲ್ಲ.

ಮನೆ ಶಾಲೆಯ ಕಾಂಪೌಂಡಿಗೆ ಅಂಟಿಕೊಂಡಿತ್ತು. ಶಾಲೆಯ ಸ್ಪೋರ್ಟ್ಸ್ ರೂಮಿನಲ್ಲಿ ಹೆಗ್ಗಣಗಳು ವಾಲಿಬಾಲ್ ನೆಟ್ಟನ್ನು ಕಡಿದು ಹಾಕಿದ ಮೇಲೆ ಸಾಮಾನೆಲ್ಲ ನಮ್ಮ ಪಡಸಾಲೆಗೆ ಬಂತು, ಬಂದದ್ದು ಹೋಗಲೇ ಇಲ್ಲ. ಜಾವೆಲಿನ್‌ಗಳು ತೊಲೆಯ ಕೆಳಗೆ ಅಡ್ಡಡ್ಡ ಮಲಗಿದ್ದವು, ಮಳೆ ಬಂದಾಗ ಅಜ್ಜಿ ಅವುಗಳ ಮೇಲೆ ಸೀರೆ ಒಣಹಾಕುತ್ತಿದ್ದಳು. ಗುಂಡೆಸೆತದ ಸಣ್ಣ ಗುಂಡು ಅವಳ ಎಲೆಅಡಿಕೆ ಜಜ್ಜುವುದಕ್ಕೆ ಆಗಿಬಂದಿತ್ತು. ಡಿಸ್ಕಸ್ ಉಪ್ಪಿನಕಾಯಿ ಭರಣಿಯ ಮೇಲೆ ಭಾರಕ್ಕೆ ಕೂತಿತ್ತು, ತಾಲ್ಲೂಕು ಕ್ರೀಡಾಕೂಟದ ಹಿಂದಿನ ದಿನ ಅದನ್ನು ತೊಳೆದು ಒರೆಸುವುದು ನನ್ನ ಕೆಲಸ. ಎನ್‌ಸಿಸಿಯ ಮರದ ಬಂದೂಕುಗಳಿಗೆ ಬೇರೆಲ್ಲೂ ಜಾಗವಿಲ್ಲದೆ ದೇವರ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ಅಮ್ಮ ಮೊದಲು ಜಗಳ ಮಾಡಿದಳು, ಆಮೇಲೆ ದೇವರಿಗೆ ವಿಭೂತಿ ಹಚ್ಚುವಾಗ ಅವುಗಳಿಗೂ ಒಂದೊಂದು ಬೊಟ್ಟು ಇಡತೊಡಗಿದಳು. ಶನಿವಾರ ಬಂತೆಂದರೆ ಕೆಡೆಟ್‌ಗಳ ಖಾಕಿ ಬಟ್ಟೆಯ ಗಂಟು ನಮ್ಮ ಬಚ್ಚಲಿಗೆ ಬರುತ್ತಿತ್ತು. ಗಂಜಿ ಹಾಕಿ ಒಣಗಿಸಿದ ಬಟ್ಟೆ ಇಲ್ಲದೆ ಪರೇಡಿಗೆ ನಿಂತರೆ ಅಪ್ಪನಿಗೆ ಆಗುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಗಂಜಿ ಮಿಗುವಷ್ಟು ಅನ್ನ ಆಗುತ್ತಿರಲಿಲ್ಲ. ಹೀಗಾಗಿ ನಮ್ಮ ಮನೆಯ ಅನ್ನ ಬಸಿದ ಗಂಜಿಯೆಲ್ಲ ಶಾಲೆಯ ತೋಳು ಕಾಲರುಗಳಿಗೆ ಹೋಗುತ್ತಿತ್ತು.

ನಾನೀಗ ಹೇಳಹೊರಟ ವರ್ಷ ನಾನು ಒಂಬತ್ತನೇ ಕ್ಲಾಸು. ಖೋಖೋ ತಂಡದಲ್ಲೂ ಇದ್ದೆ, ಎನ್‌ಸಿಸಿಯಲ್ಲೂ ಇದ್ದೆ. ಪಿ.ಟಿ. ಮೇಷ್ಟ್ರ ಮಗಳಾಗಿ ಇರದಿರುವ ಹಾಗೂ ಇರಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಮೈದಾನದ ತುಂಬ ನೆಗ್ಗಿಲು ಮುಳ್ಳು ಹಬ್ಬಿರುತ್ತಿತ್ತು. ಖೋಖೋ ಬರಿಗಾಲಿನ ಆಟ. ತಂಡದ ಹುಡುಗಿಯರೆಲ್ಲ ಒಬ್ಬರ ಪಕ್ಕ ಒಬ್ಬರು ಸಾಲಾಗಿ ಮೈದಾನದ ಈ ತುದಿಯಿಂದ ಆ ತುದಿಗೆ ಬಗ್ಗಿಕೊಂಡು ಹೋಗಿ ಮುಳ್ಳು ಆರಿಸಬೇಕಿತ್ತು. ಎಷ್ಟು ಆರಿಸಿದರೂ ಸಂಜೆ ಹೊತ್ತಿಗೆ ಪಾದದಲ್ಲಿ ಮುಳ್ಳು ಇದ್ದೇ ಇರುತ್ತಿತ್ತು. ನಮ್ಮ ಮನೆಯ ಕಟ್ಟೆಯ ಮೇಲೆ ಹುಡುಗಿಯರು ಕಾಲು ಚಾಚಿ ಕೂರುತ್ತಿದ್ದರು, ಅಮ್ಮ ಸೆರಗಿನ ಪಿನ್ನು ಬಿಚ್ಚಿಕೊಂಡು ಒಂದೊಂದೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಕೀಳುತ್ತಿದ್ದಳು. ಸೊಕ್ಕೆಯಿಂದ ಬರುತ್ತಿದ್ದ ರೇಣುಕಾ ನಮ್ಮ ತಂಡದ ಕ್ಯಾಪ್ಟನ್. ಪ್ರಾಕ್ಟೀಸು ಮುಗಿಯುವಷ್ಟರಲ್ಲಿ ಅವಳ ಊರಿನ ಬಸ್ಸು ಹೋಗಿಬಿಡುತ್ತಿತ್ತು, ಆದ್ದರಿಂದ ಆಟದ ಕಾಲ ಮುಗಿಯುವ ತನಕ ಅವಳು ನಮ್ಮಲ್ಲೇ ಇರುತ್ತಿದ್ದಳು. ಹಾಜರಿಯಲ್ಲಿ ನನ್ನ ಹಿಂದೆ ಅವಳ ಹೆಸರೂ ಸೇರಿತ್ತು. ಅಪ್ಪನಿಗೆ ನನಗಿಂತ ಅವಳ ಮೇಲೆ ಹೆಚ್ಚು ಭರವಸೆ. ನನಗೆ ಹೊಟ್ಟೆಯುರಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಪ್ಪನ ದನಿಯ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಅವನು ಮೈದಾನದಲ್ಲಿ ನಿಂತು “ಸಾವಧಾನ್” ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೂ ಒಂದು ಗಳಿಗೆ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ಡ್ರಿಲ್ಲಿನ ಆದೇಶದಲ್ಲಿ ಎರಡು ತುಂಡು, ಮೊದಲನೆಯದನ್ನು ಎಳೆಯಬೇಕು, ಎರಡನೆಯದನ್ನು ಕತ್ತರಿಸಬೇಕು ಎಂದು ಅವನು ನಮಗೆ ಹೇಳಿಕೊಡುತ್ತಿದ್ದ. ನಿಲ್ಲಿಸುವ “ಥಮ್” ಅನ್ನು ಎಡಗಾಲು ನೆಲಕ್ಕೆ ಬಿದ್ದಾಗಲೇ ಕೊಡಬೇಕು, ಇಲ್ಲದಿದ್ದರೆ ಇಡೀ ತುಕಡಿಯವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಈ ದನಿ ಆಗಸ್ಟ್ ಬಂತೆಂದರೆ ಒಡೆಯುತ್ತಿತ್ತು. ಸ್ವಾತಂತ್ರ್ಯ ದಿನದ ಪರೇಡು, ಹೋಬಳಿ ಆಟ, ತಾಲ್ಲೂಕು ಆಟ, ಜಿಲ್ಲಾ ಆಟ ಎಂದು ಕೂಗಿ ಕೂಗಿ ಗಂಟಲು ಕಟ್ಟಿ ಕೂರುತ್ತಿತ್ತು. ಮೆಣಸು, ಜೇಷ್ಠಮಧು, ಅರಿಶಿನ ಹಾಕಿದ ಬಿಸಿ ಹಾಲು ಎಲ್ಲ ಆಗುತ್ತಿದ್ದವು. ಮನೆಯಲ್ಲಿ ಅವನು ಚಪ್ಪಾಳೆಯಲ್ಲೂ ಸೀಟಿಯಲ್ಲೂ ಮಾತಾಡುತ್ತಿದ್ದ. ಒಂದು ಸೀಟಿ ಎಂದರೆ ನೀರು, ಎರಡು ಎಂದರೆ ಟವೆಲ್ಲು. ದಸರಾ ರಜೆ ಬಂದು ಆಯುಧಪೂಜೆಯ ಹೊತ್ತಿಗೆ ದನಿ ತಾನಾಗಿ ತೆರೆದುಕೊಳ್ಳುತ್ತಿತ್ತು. ನಾನು ಹುಟ್ಟಿದಾಗಿನಿಂದಲೂ ಹೀಗೇ ನಡೆದಿತ್ತು. ಅಮ್ಮನಿಗಂತೂ ಅದು ಸುಗ್ಗಿಯ ಕಾಲ.

“ಈ ಎರಡು ತಿಂಗ್ಳು ನನ್ನ ಮನೆ ನಂದು. ಕೂಗಾಟ ಇಲ್ಲ, ಏನಿಲ್ಲ,” ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಆ ವರ್ಷವೂ ದನಿ ಆಗಸ್ಟ್‌ನಲ್ಲಿ ಒಡೆಯಿತು. ತಾಲ್ಲೂಕಿನಲ್ಲಿ ನಾವು ಗೆದ್ದೆವು. ಜಿಲ್ಲಾ ಮಟ್ಟದ ಆಟ ಚನ್ನಗಿರಿಯಲ್ಲಿ. ಬೆಳಗಿನ ಬಸ್ಸಿಗೆ ಹೊರಟು ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ, ಶೇಂಗಾ ಬೆಲ್ಲ ತಿನ್ನುತ್ತ, ಹಾಡುತ್ತ ಹೋದೆವು. ಫೈನಲ್‌ನಲ್ಲಿ ನಮ್ಮೆದುರು ಬಂದವರು ಹೊನ್ನಾಳಿ ತಾಲ್ಲೂಕಿನ ತಂಡ. ಆಗಿನ್ನೂ ನ್ಯಾಮತಿ ತಾಲ್ಲೂಕಾಗಿರಲಿಲ್ಲ, ಆದರೆ ಆ ತಂಡದ ಹುಡುಗಿಯರೆಲ್ಲ ನ್ಯಾಮತಿಯವರೇ. ಒಬ್ಬೊಬ್ಬರೂ ಮೀನಿನ ಹಾಗೆ ಜಾರುತ್ತಿದ್ದರು. ನಾವು ಚೇಸ್ ಮಾಡುವಾಗ ಅಪ್ಪ ಗೆರೆಯ ಆಚೆ ನಿಂತು ಕೂಗುತ್ತ ಇರುವುದು ವಾಡಿಕೆ. ಖೋ ಕೊಡು, ಕಂಬಕ್ಕೆ ಹೋಗು, ಎಡಕ್ಕೆ ನೋಡು ಎಂದು. ನಾವು ಓಡುತ್ತಿದ್ದದ್ದು ನಮ್ಮ ಕಾಲಲ್ಲಿ, ನೋಡುತ್ತಿದ್ದದ್ದು ಅವನ ಕಣ್ಣಲ್ಲಿ. ಅವತ್ತು ಕೊನೆಯ ಸರದಿಯಲ್ಲಿ ಅಪ್ಪ ಬಾಯಿ ತೆರೆದ, ಏನೂ ಬರಲಿಲ್ಲ. ಕೈ ಬೀಸಿದ. ಓಡುವವರು ಕೈ ನೋಡುವುದು ಹೇಗೆ? ರೇಣುಕಾ ಖೋ ಕೊಡುವ ಬದಲು ಗೆರೆಯ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಎದುರಿನ ಹುಡುಗಿ ಕಂಬ ಸುತ್ತಿಕೊಂಡು ಹೋಗಿದ್ದಳು. ನಾವು ಸೋತೆವು.

ಬರುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಅಪ್ಪ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ಸೋತಾಗ ಅವನು ಹಿಗ್ಗಾಮುಗ್ಗ ಬೈದು, ಆಮೇಲೆ ಇಳಿಸಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸುವುದು ರೂಢಿ. ಅವತ್ತು ಬೈಗುಳವೇ ಬರಲಿಲ್ಲ. ತ್ಯಾವಣಿಗೆಯಲ್ಲಿ ಬಸ್ಸು ನಿಂತಾಗ ರೇಣುಕಾ ಎದ್ದು ಹೋಗಿ ಅವನ ಮುಂದೆ ನಿಂತಳು.

“ಬೈಯ್ರಿ ಸಾರ್. ಸುಮ್ನೆ ಕೂತ್ಕಂಡ್ರೆ ನಮಗೆ ಹೆದ್ರಿಕೆ ಆಗ್ತೈತೆ.”

ಅಪ್ಪ ಗಂಟಲು ಮುಟ್ಟಿಕೊಂಡು ತೋರಿಸಿ, ಅವಳ ತಲೆಯ ಮೇಲೆ ಕೈಯಿಟ್ಟ. ಅವಳಿಗೆ ಅದು ಕ್ಷಮೆಯಂತೆ ಕಂಡಿತೋ ಶಿಕ್ಷೆಯಂತೆ ಕಂಡಿತೋ, ದಾವಣಗೆರೆ ಬರುವವರೆಗೂ ಅಳುತ್ತಲೇ ಇದ್ದಳು. ನಾನು ಅವಳ ಪಕ್ಕದಲ್ಲಿ ಕೂತು ಅಪ್ಪನ ಮೇಲೇ ಸಿಟ್ಟು ಮಾಡಿಕೊಂಡೆ. ಸರಿಯಾದ ಹೊತ್ತಿಗೇ ಗಂಟಲು ಕಟ್ಟಿಸಿಕೊಳ್ಳಬೇಕಿತ್ತಾ ಎಂದು.

ಆಯುಧಪೂಜೆ ಬಂತು. ನಮ್ಮ ಪಡಸಾಲೆಯಲ್ಲಿ ಜಾವೆಲಿನ್, ಗುಂಡು, ಡಿಸ್ಕಸ್, ಖೋಖೋ ಕಂಬ, ಅಪ್ಪನ ಸೀಟಿ, ಮರದ ಬಂದೂಕು ಎಲ್ಲವನ್ನೂ ಸಾಲಾಗಿ ಇಟ್ಟು ಚೆಂಡುಹೂವು ಮುಡಿಸಿ ಪೂಜೆ ಮಾಡುತ್ತಿದ್ದೆವು. ತಂಡದವರು, ಕೆಡೆಟ್‌ಗಳು ಎಲ್ಲ ಬರುತ್ತಿದ್ದರು. ಬೂದುಗುಂಬಳ ಒಡೆದ ಮೇಲೆ ಅಪ್ಪ ಎದ್ದು ನಿಂತು, ಹೂವು ಮುಡಿದ ಆ ಸಾಮಾನುಗಳಿಗೆ ದೊಡ್ಡದಾಗಿ “ಸಾವಧಾನ್” ಹೇಳುವುದು ನಮ್ಮ ಮನೆಯ ಪದ್ಧತಿ. ದನಿ ಮರಳಿ ಬಂತು ಎನ್ನುವುದಕ್ಕೆ ಅದೇ ಸಾಕ್ಷಿ. ಮಕ್ಕಳೆಲ್ಲ ಹೋ ಎಂದು ಕೂಗಿ ಮಂಡಕ್ಕಿಗೆ ಮುಗಿಬೀಳುತ್ತಿದ್ದರು. ಆ ಸಲ ಅಪ್ಪ ಎದ್ದು ನಿಂತ, ಎದೆ ಉಬ್ಬಿಸಿದ. ತಳ ಹಿಡಿದ ಪಾತ್ರೆ ಕೆರೆದಂಥ ಸದ್ದು ಬಂತು. ಆಮೇಲೆ ಯಾರೋ ಕಿಸಕ್ಕೆಂದರು, ಎಲ್ಲರೂ ನಕ್ಕರು, ಅಪ್ಪನೂ ನಕ್ಕ.

“ಈ ಸಲ ಜಾಸ್ತಿ ಕೂಗ್ಯಾನೆ. ದೀಪಾವಳಿಗೆ ಬರ್ತೈತೆ ಬಿಡ್ರಿ,” ಎಂದಳು ಅಜ್ಜಿ.

ನನಗೆ ಇವತ್ತಿಗೂ ಸಿಟ್ಟು ಬರುವುದು ಆ ನಗುವಿನ ಮೇಲೆ. ಬೇರೆ ಯಾರ ಮನೆಯಲ್ಲಾದರೂ ಯಜಮಾನನ ದನಿ ಅಷ್ಟು ದಿನ ಕಟ್ಟಿದ್ದರೆ ಕೈಹಿಡಿದು ಎಳೆದುಕೊಂಡು ಡಾಕ್ಟರ ಹತ್ತಿರ ಹೋಗುತ್ತಿದ್ದರು. ನಮ್ಮದು ಪಿ.ಟಿ. ಮೇಷ್ಟ್ರ ಮನೆ. ಗಂಟಲು ಕಟ್ಟುವುದು ನಮಗೆ ಪ್ರತಿ ವರ್ಷ ಬಂದು ಹೋಗುವ ನೆಂಟ. ಈ ಸಲ ಅದೇ ನೆಂಟನ ವೇಷದಲ್ಲಿ ಬೇರೆ ಯಾವುದೋ ಬಂದು ಕೂತಿದ್ದರೆ ಅದಕ್ಕೂ ಮೆಣಸಿನ ಹಾಲು ಕೊಟ್ಟು ಉಪಚಾರ ಮಾಡಿದೆವು. ಶಾಲೆಯಲ್ಲೂ ಹಾಗೆಯೇ. ಹೆಡ್‌ಮಾಸ್ಟರರು ರಜೆ ಹಾಕಿ ಎಂದು ಒಮ್ಮೆಯೂ ಹೇಳಲಿಲ್ಲ, ಜೇಷ್ಠಮಧುವಿನ ಕಡ್ಡಿ ತಂದುಕೊಟ್ಟರು. ದೀಪಾವಳಿ ಬಂದು ಹೋಯಿತು. ಸಂಜೆಯ ಹಾಜರಿಯನ್ನು ಅಪ್ಪ ಪಿಸುದನಿಯಲ್ಲಿ ಕರೆಯತೊಡಗಿದ. ಅಜ್ಜಿಗೆ ಕೇಳಿಸುತ್ತಿರಲಿಲ್ಲ, ನಾನು ಅವಳ ಮೊಣಕೈ ಮುಟ್ಟಿದರೆ “ಇದೀನಪ್ಪ” ಎನ್ನುತ್ತಿದ್ದಳು. ಮೈದಾನದಲ್ಲಿ ಅವನು ನನ್ನ ಕಿವಿಯಲ್ಲಿ ಹೇಳುತ್ತಿದ್ದ, ನಾನು ಕೂಗುತ್ತಿದ್ದೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ನನಗೇ ಗೊತ್ತಿಲ್ಲದೆ ಅದು ಇಷ್ಟವಾಗತೊಡಗಿತು, ರೇಣುಕಾಗೆ ಇಲ್ಲದ್ದು ನನಗೆ ಸಿಕ್ಕಿತ್ತು.

ಆ ಚಳಿಗಾಲ ಎನ್‌ಸಿಸಿ ಕ್ಯಾಂಪು ಹೊನ್ನಾಳಿಯಲ್ಲಿ ನಡೆಯಿತು. ಬೆಳಗಿನ ಜಾವದಲ್ಲಿ ಹೊಳೆಯ ಕಡೆಯಿಂದ ಮಂಜು ಎದ್ದು ಬಂದು ಮೈದಾನದ ಆಚೆ ತುದಿ ಕಾಣಿಸುತ್ತಿರಲಿಲ್ಲ. ಕೆಡೆಟ್‌ಗಳನ್ನೆಲ್ಲ ಪರೀಕ್ಷೆ ಮಾಡಲು ಒಬ್ಬ ಲೇಡಿ ಡಾಕ್ಟರ್ ಬಂದಿದ್ದರು. ನಮ್ಮ ಶಾಲೆಯ ಸಾಲು ಬಂದಾಗ ಅಪ್ಪ ಪಿಸುದನಿಯಲ್ಲಿ ಹೆಸರು ಹೇಳುತ್ತಿದ್ದ, ನಾನು ಗಟ್ಟಿಯಾಗಿ ಹೇಳುತ್ತಿದ್ದೆ. ಡಾಕ್ಟರು ಸ್ಟೆತಾಸ್ಕೋಪು ತೆಗೆದು ಕೊರಳಿಗೆ ಹಾಕಿಕೊಂಡು ಅಪ್ಪನನ್ನೇ ನೋಡಿದರು.

“ಸರ್, ನಿಮ್ಮ ಗಂಟಲು ಯಾವಾಗಿನಿಂದ ಹೀಗಿದೆ?”

“ಪ್ರತಿ ವರ್ಷ ಹಿಂಗೇ ಮೇಡಂ. ಸ್ಪೋರ್ಟ್ಸ್ ಟೈಮಲ್ಲಿ ಕಟ್ತೈತೆ, ದಸರಾಕ್ಕೆ ಬಿಡ್ತೈತೆ,” ಎಂದೆ ನಾನು, ಅಪ್ಪನಿಗಿಂತ ಮೊದಲೇ.

“ದಸರಾ ಮುಗಿದು ಎಷ್ಟು ದಿನ ಆಯ್ತಮ್ಮ?”

ಅವರು ಒರಟಾಗಿ ಕೇಳಲಿಲ್ಲ. ಅಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಮ್ಮಿಬ್ಬರಿಗೂ ಅದು ಹೊಳೆದದ್ದು ಒಂದೇ ಗಳಿಗೆಯಲ್ಲಿ ಎಂದು ನನ್ನ ನಂಬಿಕೆ. ಹಿಂದೆ ಸಾಲಿನಲ್ಲಿ ನಿಂತ ಹುಡುಗಿಯರು ತಳ್ಳಾಡಿಕೊಂಡು ನಗುತ್ತಿದ್ದರು. ಡಾಕ್ಟರು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ತೋರಿಸಿ, ತಡಮಾಡಬೇಡಿ ಎಂದರು. ಅಪ್ಪ ಕ್ಯಾಂಪು ಮುಗಿಸಿಯೇ ಹೋದ.

ದಾವಣಗೆರೆಗೆ ಅಮ್ಮನ ಜೊತೆ ನಾನೂ ಹೋಗಿದ್ದೆ. ಚೀಟಿ ಮಾಡಿಸುವ ಕಿಟಕಿಯಲ್ಲಿ ಪೇಷಂಟ್ ಹೆಸರು ಕೇಳಿದಾಗ ಅಮ್ಮ ಅಭ್ಯಾಸದಂತೆ ನನ್ನ ಭುಜ ತಿವಿದಳು. ಗಂಟಲೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡನೇ ಸಲ ಹೋದಾಗ ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಇದೆ, ಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಉಸಿರಾಟಕ್ಕೆ ಕುತ್ತಿಗೆಯಲ್ಲಿ ತೂತು ಇರುತ್ತದೆ, ಮಾತು ಇರುವುದಿಲ್ಲ ಎಂದು ಹೇಳಿದರು. ಅಮ್ಮ ತಲೆಯಾಡಿಸುತ್ತ ಕೇಳಿದಳು, ಅಕ್ಕಿ ಬೇಳೆಯ ಲೆಕ್ಕ ಕೇಳುವ ಹಾಗೆ. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಜಗಳವಾಯಿತು. ಅಂಥ ಜಗಳ ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಅಪ್ಪನ ಪಾಲಿನದು ಬರೀ ಗಾಳಿ, ಅಮ್ಮನದು ಪೂರ್ತಿ ದನಿ.

“ಇಪ್ಪತ್ತಾರು ಆಗ್ಲಿ. ಆಮೇಲೆ ಹೋಗಾಣ.” ಅಪ್ಪ ಹೇಳುತ್ತಿದ್ದದ್ದು ಜನವರಿಯ ಗಣರಾಜ್ಯೋತ್ಸವದ ಪರೇಡಿನ ಮಾತು.

“ಡಾಕ್ಟ್ರು ಏನಂದ್ರು, ಕೇಳಿಸ್ಕಂಡ್ರೋ ಇಲ್ಲೋ? ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು ಅಂದ್ರು.”

“ಇದೊಂದು ಪರೇಡು, ನಾಗು.”

“ಪರೇಡು ಪ್ರತಿ ವರ್ಷ ಬರ್ತೈತೆ.”

“ಬರ್ತೈತೆ. ಕಮಾಂಡ್ ಪಿಸುಗುಟ್ಟಾಕಾದ್ರೂ ಗಂಟ್ಲು ಎಲ್ಲಿಂದ ತರ್ಲಿ?”

“ನನಗೆ ನಿಮ್ಮ ಗಂಟ್ಲು ಬ್ಯಾಡ. ನೀವು ಬೇಕು. ಮಾತಾಡದಿದ್ರೂ ಚಿಂತಿಲ್ಲ, ಆ ಗೋಡೆಗೆ ಒರಗಿ ಕೂತಿರ್ರಿ ಸಾಕು.”

“ಕೂತು ಏನ್ ಮಾಡ್ಲಿ?”

“ಉಣ್ರಿ. ನಾನು ಬಡಸ್ತೀನಿ, ನೀವು ಉಣ್ರಿ.”

ಅಪ್ಪ ಸೋತ. ಅವನ ಗಂಟಲಲ್ಲಿ ಗಡ್ಡೆ ಎಂದದ್ದು ಬಿಟ್ಟರೆ ಅಜ್ಜಿಗೆ ಬೇರೇನೂ ಹೇಳಲಿಲ್ಲ. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅಮ್ಮ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು, ಅಪ್ಪನಿಗೆ ಇಷ್ಟ ಎಂದು. ರೇಣುಕಾ ಊರಿಂದ ಬಂದು ಸಾಲಿನಲ್ಲಿ ಕೂತಿದ್ದಳು. ಅಪ್ಪ ಹಾಜರಿ ಕರೆದ. ಅಜ್ಜಿಯ ಹೆಸರಿಗೆ ನಾನು ಮೊಣಕೈ ಮುಟ್ಟಲು ಹೋದರೆ ಅವಳು ಆಗಲೇ ಕಿವಿಯ ಹಿಂದೆ ಕೈಯಿಟ್ಟುಕೊಂಡು ಅವನ ಬಾಯನ್ನೇ ನೋಡುತ್ತಿದ್ದಳು. ಇದೀನಪ್ಪ ಎಂದಳು, ಯಾರೂ ಕರ್ಕಂಡು ಹೋಗಿಲ್ಲ ಎನ್ನುವುದನ್ನು ಅವತ್ತು ಸೇರಿಸಲಿಲ್ಲ. ನನ್ನ ಹೆಸರು, ರೇಣುಕಾಳ ಹೆಸರು, ಮಂಜುನ ಹೆಸರು ಆದವು. ಎಸ್. ನಾಗರತ್ನ ಎಂದ. ಅಮ್ಮ ಒಲೆಯ ಕಡೆ ಮುಖ ಮಾಡಿ ಸೌಟು ಹಿಡಿದುಕೊಂಡೇ ನಿಂತಿದ್ದಳು, ಸದ್ದು ಬರಲಿಲ್ಲ. ಅಪ್ಪ ಇನ್ನೊಮ್ಮೆ ಕರೆದ. ಆಗ ಬಡಿದಳು. ಎಲ್ಲಾ ಹಾಜರ್ ಎಂದು ಅಪ್ಪ ಹೇಳಿದ್ದು ನನಗೆ ಕೇಳಿಸಲಿಲ್ಲ, ತುಟಿ ಆಡಿದ್ದಷ್ಟೇ ಕಂಡಿತು. ಅವನ ಬಾಯಿಂದ ನನ್ನ ಹೆಸರು ಕೇಳಿದ್ದು ಅದೇ ಕೊನೆ.

ಗಣರಾಜ್ಯೋತ್ಸವದ ಪರೇಡನ್ನು ನಾನೇ ನಡೆಸಿದೆ. ಆಸ್ಪತ್ರೆಯಲ್ಲಿ ಅಪ್ಪನ ಆಪರೇಷನ್ ಆಗಿತ್ತು, ಅಮ್ಮ ಅಲ್ಲೇ ಇದ್ದಳು. ನನ್ನ ಖಾಕಿಗೆ ಗಂಜಿ ಹಾಕಿದವಳು ಅಜ್ಜಿ, ಅಂದಾಜು ತಪ್ಪಿ ಷರ್ಟು ಹಲಗೆಯಂತಾಗಿತ್ತು. ತಾಲ್ಲೂಕು ಮೈದಾನದಲ್ಲಿ ಪೊಲೀಸರು, ಹೋಂಗಾರ್ಡ್ಸ್, ಅವರ ಹಿಂದೆ ನಾವು. ವೇದಿಕೆಯ ಮುಂದೆ ಬಂದಾಗ “ದಾಹಿನೇ” ಎಂದು ಎಳೆದು “ದೇಖ್” ಎಂದು ಕತ್ತರಿಸಿದೆ. ಇಡೀ ತುಕಡಿಯ ತಲೆ ಒಟ್ಟಿಗೆ ತಿರುಗಿದ ಸದ್ದು ಬೆನ್ನಿಗೆ ಕೇಳಿಸಿತು. ಕೊನೆಗೆ ನಿಲ್ಲಿಸಬೇಕಾದ ಜಾಗ ಬಂತು. ಎಡಗಾಲು, ಎಡಗಾಲು ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ. “ಥಮ್” ಸರಿಯಾಗಿ ಬಿತ್ತು, ಎಲ್ಲರ ಕಾಲೂ ಒಂದೇ ಏಟಿಗೆ ನಿಂತವು. ಜನ ಚಪ್ಪಾಳೆ ತಟ್ಟಿದರು. ಎರಡು ತಿಂಗಳ ಹಿಂದೆ ನಾನು ಆಸೆಪಟ್ಟಿದ್ದ ಜಾಗ ಅದು. ಅಲ್ಲಿ ನಿಂತು ನನಗೆ ಬೇಕೆನಿಸಿದ್ದು ಒಂದೇ, ಯಾರಾದರೂ ಹಿಂದಿನಿಂದ ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಲಿ ಎಂದು. ವಿಶ್ರಾಮ್ ಆದ ಮೇಲೆ ರೇಣುಕಾ ಪಕ್ಕಕ್ಕೆ ಬಂದಳು.

“ಸಾರ್ ಥರಾನೇ ಎಳೀತೀಯಲ್ಲೇ ನೀನು,” ಎಂದು ಹೇಳಿ ನನ್ನ ಟೋಪಿ ಸರಿಮಾಡಿದಳು.

ಅವತ್ತು ಬೆಳಿಗ್ಗೆ ವಾರ್ಡಿನಲ್ಲಿ ಅಪ್ಪ ಎದ್ದು ಕೂತು ಗೋಡೆಯ ಗಡಿಯಾರ ನೋಡುತ್ತಲೇ ಇದ್ದನಂತೆ. ಪರೇಡಿನ ಹೊತ್ತು ದಾಟಿದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದನಂತೆ. ಇದನ್ನು ಅಮ್ಮ ಹೇಳಿದ್ದು ಬಹಳ ವರ್ಷಗಳ ನಂತರ.

ಅಪ್ಪ ಮುಂದಿನ ಮಳೆಗಾಲದ ತನಕ ಇದ್ದ. ಕಾಯಿಲೆ ಬೇರೆ ಕಡೆ ಹಬ್ಬಿತ್ತು. ಸಾಮಾನೆಲ್ಲ ಶಾಲೆಗೆ ವಾಪಸ್ಸು ಹೋಯಿತು, ಹೊಸ ಪಿ.ಟಿ. ಮೇಷ್ಟ್ರು ಬಂದರು. ಆ ಸಣ್ಣ ಗುಂಡನ್ನು ಮಾತ್ರ ಅಜ್ಜಿ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ನಾನೀಗ ಸಂತೇಬೆನ್ನೂರಿನಲ್ಲಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಪಾಠ ಮಾಡಿ ಮಾಡಿ ನನ್ನ ಗಂಟಲು ಎರಡು ದಿನ ಕಟ್ಟಿದರೆ ಮೂರನೇ ದಿನ ಗಂಡ ಆಸ್ಪತ್ರೆಗೆ ಹೊರಡಿಸುತ್ತಾನೆ, ನಾನು ವಾದ ಮಾಡುವುದಿಲ್ಲ. ಅಪ್ಪನ ಕೊನೆಯ ದಿನಗಳನ್ನು ಬರೆಯುವ ಶಕ್ತಿ ನನಗಿಲ್ಲ, ಇಷ್ಟವೂ ಇಲ್ಲ. ಈ ಅಧ್ಯಾಯವನ್ನು ನಾನು ಬರೆಯಲು ಕೂತದ್ದು ಅದಕ್ಕಿಂತ ಮುಂಚಿನ ಒಂದು ಸಂಜೆಗಾಗಿ, ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಮೊದಲ ಸಲ ನಮ್ಮ ಜೊತೆ ಗೋಡೆಗೆ ಒರಗಿ ಊಟಕ್ಕೆ ಕೂತ ಸಂಜೆಗಾಗಿ.

ಬಂದ ಮೇಲೆ ಕೆಲವು ದಿನ ಅವನಿಗೆ ಮೂಗಿನ ನಳಿಕೆಯಲ್ಲೇ ಗಂಜಿ. ಯಾರ ಖಾಕಿಗೂ ಹೋಗದ ಗಂಜಿ ಆಗ ಮನೆಯಲ್ಲೇ ಉಳಿಯುತ್ತಿತ್ತು. ನಳಿಕೆ ತೆಗೆದ ಮೇಲೆ ಮೆತ್ತನೆಯ ಅನ್ನ, ತಿಳಿಸಾರು ಕೊಡಬಹುದು ಎಂದಿದ್ದರು. ಅವತ್ತು ಅಮ್ಮ ದೀಪ ಹಚ್ಚಿ, ತಟ್ಟೆ ಹಾಕಿ, ಅಪ್ಪನನ್ನು ಕರೆದುಕೊಂಡು ಬಂದು ಕೂರಿಸಿದಳು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ ಕಟ್ಟಿತ್ತು, ಉಸಿರಾಡಿದಾಗ ಅದು ಉಬ್ಬುತ್ತ ಇಳಿಯುತ್ತ ಇತ್ತು. ಅಲ್ಲಿಗೆ ನೋಡಬಾರದೆಂದು ನಾನೂ ಮಂಜುವೂ ತಟ್ಟೆ ನೋಡುತ್ತ ಕೂತೆವು. ಅಮ್ಮ ಸಾರಿನ ಪಾತ್ರೆಯನ್ನು ನಮ್ಮ ನಡುವೆ ತಂದಿಟ್ಟಳು. ಅನ್ನದ ಪಾತ್ರೆಯ ಮುಚ್ಚಳಕ್ಕೆ ಕೈ ಹಾಕಿದಳು.

“ಹಾಜರಿ ಆಗದೆ ಹೆಂಗೆ ಉಣ್ಣಾದು?” ಎಂದಳು ಅಜ್ಜಿ.

ಅಭ್ಯಾಸದ ಬಾಯಿ, ಬಂದುಬಿಟ್ಟಿತು. ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡು ಸೆರಗು ಬಾಯಿಗೆ ಒತ್ತಿದಳು. ಅಪ್ಪ ಅವಳ ಕಡೆ ನೋಡಿ ಬಾಯಿ ತೆರೆದ. ಕುತ್ತಿಗೆಯ ಬಟ್ಟೆ ಉಬ್ಬಿತು, ಅಷ್ಟೇ. ಮಂಜು ಅಳು ತಡೆಯಲಾರದೆ ಮೊಣಕಾಲಿಗೆ ಮುಖ ಹಚ್ಚಿದ. ಅಮ್ಮ ಮುಚ್ಚಳದಿಂದ ಕೈ ತೆಗೆದಳು. ಅಪ್ಪನ ಎದುರಿಗೆ ಬಂದು, ಅಲ್ಲಿಯವರೆಗೆ ಎಂದೂ ಕೂರದ ಜಾಗದಲ್ಲಿ, ನೆಲದ ಮೇಲೆ ಕೂತಳು.

“ಅತ್ತೆ,” ಎಂದಳು. ಅತ್ತೆಯ ಹೆಸರನ್ನೂ ಅವಳು ಹೇಳುವಂತಿರಲಿಲ್ಲ.

ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಇದೀನವ್ವ,” ಎಂದಳು.

“ಟಿ. ಶೈಲಜಾ.”

ನಾನು ಏನೆನ್ನಬೇಕೆಂದು ತಿಳಿಯದೆ “ಹ್ಞೂಂ ಅಮ್ಮ” ಎಂದೆ. ಮಂಜು ತನ್ನ ಹೆಸರು ಬಂದಾಗ ಮುಖ ಎತ್ತದೆಯೇ “ಎಸ್ ಸಾರ್” ಎಂದ. ಯಾರೂ ನಗಲಿಲ್ಲ. ಅಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಅಜ್ಜಿಯ ಕಡೆ ಒಮ್ಮೆ ನೋಡಿದಳು. ಅಜ್ಜಿ ತಲೆ ತಗ್ಗಿಸಿ ಖಾಲಿ ತಟ್ಟೆಯನ್ನು ನೋಡುತ್ತಿದ್ದಳು, ಬೇಡ ಎನ್ನಲಿಲ್ಲ.

“ಜಿ. ತಿಪ್ಪೇಸ್ವಾಮಿ,” ಎಂದಳು ಅಮ್ಮ.

ಅಪ್ಪ ಅವಳನ್ನೇ ನೋಡುತ್ತ ಮುಂದಕ್ಕೆ ಬಾಗಿದ. ಸಾರಿನ ಪಾತ್ರೆಯೊಳಗಿನ ಸೌಟು ತೆಗೆದುಕೊಂಡು ಪಾತ್ರೆಯ ಅಂಚಿಗೆ ಒಂದು ಸಲ ಬಡಿದ. ಅಮ್ಮ ಎದ್ದು ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.